ಕಾಲ್ಗಿಣ್ಣಿನ ಟೇಪು, ಮೈದಾನದ ಸ್ಪ್ರೇ

ಪ್ರಶ್ನೆ: ಪ್ರೊ ಕಬಡ್ಡಿ ತಂಡಗಳಲ್ಲಿ ಪಂದ್ಯಕ್ಕೆ ಮೊದಲು ಫಿಸಿಯೊ ಆಟಗಾರರ ಕಾಲ್ಗಿಣ್ಣಿಗೆ ಬಿಳಿ ಟೇಪು ಸುತ್ತುತ್ತಾರೆ. ನಮ್ಮ ಕಾಲೇಜಿನ ರೈಡರ್‌ಗೂ ಹಾಗೇ ಸುತ್ತಿದೆವು. ಸ್ವಲ್ಪ ಹೊತ್ತಿಗೇ ಬೆರಳು ಜೋಮು ಹಿಡಿದು ಕಿತ್ತೆಸೆದ. ಎಲ್ಲಿ ತಪ್ಪಿತು?
– ದೈಹಿಕ ಶಿಕ್ಷಕರು, ಹಾಸನ

ಉತ್ತರ: ರೋಲನ್ನು ಕತ್ತರಿಸದೆ ಒಂದೇ ಸಮ ಎಳೆದೆಳೆದು ಸುತ್ತಿರುತ್ತೀರಿ. ಕಾಲು ಮೇಲಿದ್ದಾಗ ಸರಿಯೆನಿಸುವ ಬಿಗಿ, ನಿಂತು ಪಾದ ಅಗಲವಾದ ಕೂಡಲೇ ಹಿಂಡುತ್ತದೆ. ಟೇಪನ್ನು ತುಂಡು ತುಂಡಾಗಿ ಹರಿದು ಅಂಟಿಸಬೇಕು.

ಕೂದಲು ಬೋಳಿಸಿ, ಬೆವರು-ಎಣ್ಣೆ ಪೂರ್ತಿ ಒರೆಸಿ. ಆಟಗಾರ ಮೇಜಿನ ಮೇಲೆ ಕಾಲು ಚಾಚಿ, ಬೆರಳುಗಳನ್ನು ತನ್ನತ್ತ ಎಳೆದುಕೊಂಡು ಪಾದವನ್ನು 90 ಡಿಗ್ರಿಯಲ್ಲಿ ಹಿಡಿದಿರಲಿ. ಮುಗಿಯುವವರೆಗೂ ಸಡಿಲ ಬಿಡಕೂಡದು. ಪಾದ ಮಡಚುವ ಮುಂಭಾಗಕ್ಕೂ ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜುವಿಗೂ ವ್ಯಾಸಲೀನ್ ಸವರಿದ ಸಣ್ಣ ಪ್ಯಾಡ್ ಇಡಿ. ಬೊಬ್ಬೆ ಏಳುವುದು ಅಲ್ಲೇ. ಮೇಲೆ, ಟೇಪಿನಡಿ ಸುತ್ತುವ ತೆಳು ಅಂಡರ್‌ರ‍್ಯಾಪ್ ಒಂದೇ ಪದರ ಸಾಕು, ದಪ್ಪವಾದರೆ ಟೇಪು ಜಾರುತ್ತದೆ.

ಟೇಪು 38 ಮಿ.ಮೀ. ಅಗಲದ, ಹಿಗ್ಗದ ಜಿಂಕ್ ಆಕ್ಸೈಡ್ ಆಗಿರಲಿ. ಗಿಣ್ಣಿನಿಂದ ಸುಮಾರು 10 ಸೆಂ.ಮೀ. ಮೇಲೆ ಎರಡು ಆಂಕರ್ (ಉಳಿದವನ್ನು ಹಿಡಿದಿಡುವ) ಪಟ್ಟಿ, ಅರ್ಧ ಚರ್ಮಕ್ಕೇ ಅಂಟುವಂತೆ. ಅಲ್ಲಿಂದ ಒಳಗಿಣ್ಣಿನ ಮೇಲೆ ಇಳಿದು, ಹಿಮ್ಮಡಿಯಡಿ ಹಾದು, ಹೊರಗಿಣ್ಣಿನ ಮೇಲೆ ಎಳೆದು ಏರುವ ಸ್ಟಿರಪ್ ಪಟ್ಟಿ ಮೂರು. ಒಂದೊಂದೂ ಹಿಂದಿನದನ್ನು ಅರ್ಧ ಮುಚ್ಚಲಿ. ದಿಕ್ಕು ತಪ್ಪಿದರೆ ಸುತ್ತಿಯೂ ವ್ಯರ್ಥ. ಉಳುಕುವಾಗ ಅಂಗಾಲು ಒಳಕ್ಕೆ ಹೊರಳಿ ಹೊರಬದಿಯ ಲಿಗಮೆಂಟ್ (ಮೂಳೆಗಳನ್ನು ಬಿಗಿದಿಡುವ ಕಟ್ಟು) ಹರಿಯುವುದರಿಂದ ಎಳೆತ ಒಳಗಿನಿಂದ ಹೊರಕ್ಕೇ ಇರಬೇಕು. ನಂತರ 8ರ ಆಕಾರದ ಸುತ್ತು, ಎರಡೂ ಬದಿಯಿಂದ ಹಿಮ್ಮಡಿ ಅಲುಗದಂತೆ ಹಿಡಿಯುವ ಲಾಕ್ ಸುತ್ತು, ಕೊನೆಗೆ ಮುಚ್ಚುವ ಪಟ್ಟಿಗಳು. ಪಾದದ ಮಧ್ಯಭಾಗದಲ್ಲಿ ಎಳೆಯದೆ ಸುಮ್ಮನೆ ಹಾಸಿ. ಕಿರುಬೆರಳಿನ ಕಡೆಯ ಉಬ್ಬು ಮೂಳೆಯೇ ಮೊದಲು ನೋಯುವುದು.

ಮುಗಿದ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ಬಿಡಿ. 2 ಸೆಕೆಂಡಿನೊಳಗೆ ಕೆಂಪು ಮರಳದಿದ್ದರೆ ಮುಲಾಜಿಲ್ಲದೆ ಬಿಚ್ಚಿ.

ಇಷ್ಟು ಮಾಡಿದರೂ 20 ನಿಮಿಷದ ಒಂದು ಅವಧಿ ಮುಗಿಯುವಷ್ಟರಲ್ಲಿ ಟೇಪು ಸಾಕಷ್ಟು ಸಡಿಲವಾಗಿರುತ್ತದೆ. ಅದರ ಉಪಯೋಗ ಎದ್ದು ಕಾಣುವುದು ಹಿಂದೆ ಉಳುಕಿದ ಕಾಲಿಗೆ. ಎಲ್ಲರಿಗೂ ಸುತ್ತಿ ದುಡ್ಡು ಕಳೆಯಬೇಡಿ. ಉಳುಕಿದ್ದವರಿಗೆ ದಿನವೂ ಒಂಟಿ ಕಾಲಲ್ಲಿ 30 ಸೆಕೆಂಡು, ಮೂರು ಸಲ ನಿಲ್ಲಿಸಿ. ಅದು ಬಂದ ಮೇಲೆ ಕಣ್ಣು ಮುಚ್ಚಿಸಿ, ಆಮೇಲೆ ಚೆಂಡು ಎಸೆದು ಹಿಡಿಸಿ.

ಪ್ರಶ್ನೆ: ಆಟಗಾರ ಬಿದ್ದಾಗ ಫಿಸಿಯೊ ಓಡಿಬಂದು ಸ್ಪ್ರೇ ಹೊಡೆದ ತಕ್ಷಣ ಎದ್ದು ಆಡುತ್ತಾನೆ. ಏನದು ಔಷಧಿ?
– ಓದುಗರು, ಶಿರಸಿ

ಉತ್ತರ: ವಾಸಿ ಮಾಡುವಂಥದ್ದೇನೂ ಅಲ್ಲ. ಬೇಗ ಆವಿಯಾಗುವ ದ್ರವ ಚರ್ಮದ ಬಿಸಿ ಹೀರಿ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಅಷ್ಟೆ. ಒಳಗಿನ ಲಿಗಮೆಂಟಿಗೆ ಆ ತಂಪು ತಲುಪುವುದಿಲ್ಲ. ಹತ್ತಿರದಿಂದ ಒಂದೇ ಕಡೆ ಹೊಡೆದರೆ ಚರ್ಮ ಸುಟ್ಟಂತಾಗುತ್ತದೆ. ಗಾಯ ತೆರೆದಿದ್ದರೆ ಬೇಡವೇ ಬೇಡ.

ಟೀವಿಯಲ್ಲಿ ಸ್ಪ್ರೇ ಮಾತ್ರ ಕಾಣುತ್ತದೆ, ಅದಕ್ಕೂ ಮೊದಲು ಫಿಸಿಯೊ ಬೆರಳಿಂದ ಒತ್ತಿ ನೋಡುವುದು ಕಾಣುವುದಿಲ್ಲ. ಗಿಣ್ಣು ಉಳುಕಿದ್ದರೆ ಎರಡೂ ಗಿಣ್ಣು ಮೂಳೆಗಳ ಹಿಂಬದಿಯ ಕೆಳಗಿನ 6 ಸೆಂ.ಮೀ., ಕಿರುಬೆರಳಿನ ಕಡೆಯ ಉಬ್ಬು, ಒಳಬದಿಯಲ್ಲಿ ಪಾದದ ಕಮಾನಿನ ಮೇಲ್ತುದಿಯ ಮೂಳೆ ಒತ್ತಿ ನೋಡುತ್ತಾರೆ. ಇಲ್ಲೆಲ್ಲಾದರೂ ಮೂಳೆಯೇ ನೊಂದರೆ, ಅಥವಾ ನಾಲ್ಕು ಹೆಜ್ಜೆ ಊರಲಾಗದಿದ್ದರೆ ಸ್ಪ್ರೇ ಪಕ್ಕಕ್ಕಿಟ್ಟು ಎಕ್ಸ್‌ರೇಗೆ ಕಳಿಸಬೇಕು.