ಹಿತ್ತಲ ಕೊಳದ ಪೈಪು, ಪಂಪು ಕಣ್ಣಿಗೆ ಬೀಳದಂತೆ ಮಾಡೋದು ಹೇಗೆ?

ಬಿಳಿ ಪಿವಿಸಿ ತೆಗೆದು ಕಪ್ಪು ಹೋಸ್ ಪೈಪು ಹಾಕಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಕೊಳದೊಳಗೆ ಇಳಿದ ಬೆಳಕು ವಾಪಸ್ ಬರೋದು ಕಡಿಮೆ, ಹಾಗಾಗಿ ತಳ ಕಪ್ಪಾಗಿ ಕಾಣುತ್ತದೆ. ಕಪ್ಪು ಪೈಪು ಅದರಲ್ಲೇ ಸೇರಿಹೋಗುತ್ತದೆ. ದಡದಲ್ಲಿ ಒಂದೆರಡು ಶಹಾಬಾದ್ ಕಲ್ಲು ಸ್ವಲ್ಪ ಮುಂದೆ ಚಾಚಿಟ್ಟರೆ ಉಳಿದದ್ದೂ ಮರೆಯಾಗುತ್ತದೆ.

ಪಂಪನ್ನು ಮಾತ್ರ ಕಲ್ಲಿನಡಿ ಹೂತುಬಿಡಬೇಡಿ. ನೀರಲ್ಲಿ ಮುಳುಗಿಸಿಡುವ ಪಂಪು ತಣ್ಣಗಿರೋದೇ ಸುತ್ತಲಿನ ನೀರಿನಿಂದ. ಕೆಸರು ತುಂಬಿ ಜಾಲರಿ ಕಟ್ಟಿಕೊಂಡರೆ ಮೋಟಾರು ಸುಡುತ್ತದೆ. ತೂತಿನ ಪ್ಲಾಸ್ಟಿಕ್ ಬುಟ್ಟಿ ಬೋರಲು ಹಾಕಿ, ಮೇಲೊಂದು ಚಪ್ಪಟೆ ಕಲ್ಲಿಡಿ. ತೊಳೆಯಲು ಎತ್ತೋದೂ ಸುಲಭ, ಅಲ್ವಾ?

ಹುಬ್ಬಳ್ಳಿ, ಗದಗ ಕಡೆಯ ಎರೆ ಮಣ್ಣಾದರೆ ಇನ್ನೊಂದು ಮಾತು. ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಗಟ್ಟಿ ಪೈಪಿನ ಜಾಯಿಂಟು ಬಿಟ್ಟುಕೊಳ್ಳುತ್ತದೆ. ದಡದಾಚೆಗೂ ಬಗ್ಗುವ ಪೈಪನ್ನೇ ಮರಳು ಹಾಸಿ ಹೂಳಿ.