ಅಮೆರಿಕದಲ್ಲಿ ಸ್ಕಾಲರ್‌ಶಿಪ್ ಸಿಗಬೇಕಾದರೆ ಓದಿನ ಜೊತೆ ಆಟ, ಹಾಡು, ಭಾಷಣ ಎಲ್ಲದರಲ್ಲೂ ಮುಂದಿರಬೇಕಾ?

ಎಲ್ಲದರಲ್ಲೂ ಬೇಕಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಪ್ರತಿಭೆಗೆ ಅಂತ ದುಡ್ಡು ಕೊಡುವುದಿಲ್ಲ, ಆಟಗಾರರಿಗೂ ಇಲ್ಲ. ನಿಮ್ಮನ್ನು ನೋಡಿ ಸೀಟು ಕೊಡುತ್ತಾರೆ, ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ಫೀಸು ಕಟ್ಟೋ ಶಕ್ತಿ ಇದೆಯಾ ಅಂತ ಸೀಟು ಕೊಡುವಾಗ ಈ ನಾಲ್ಕೂ ಕಡೆ ನೋಡುವುದಿಲ್ಲ, ವಿದೇಶಿ ಮಕ್ಕಳಿಗೂ ಅದೇ ನಿಯಮ, ಹಾಗಾಗಿ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ.

ಇನ್ನು ಚಟುವಟಿಕೆಗಳು. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಸಾಕಾಗುವಂತೆ ಮಾಡಿರುವ ಕಾಮನ್ ಆ್ಯಪ್ ಅರ್ಜಿಯಲ್ಲಿ (ಎಂಐಟಿಗೆ ಅದರದ್ದೇ ಬೇರೆ ಅರ್ಜಿ) ಹೆಚ್ಚೆಂದರೆ 10 ಬರೆಯಬಹುದು, ಒಂದೊಂದರ ವಿವರಣೆಗೆ 150 ಅಕ್ಷರ ಅಷ್ಟೇ. ವಾರಕ್ಕೆ ಎಷ್ಟು ಗಂಟೆ, ಯಾವ ಯಾವ ತರಗತಿಯಲ್ಲಿ ಮಾಡಿದಿರಿ ಅಂತಲೂ ಕೇಳುತ್ತಾರೆ. ಕಳೆದ ತಿಂಗಳು ಸೇರಿದ ಐದು ಕ್ಲಬ್‌ಗಿಂತ ನಾಲ್ಕು ವರ್ಷ ಬಿಡದೆ ಆಡಿದ ಕಬಡ್ಡಿಯೇ ಜಾಸ್ತಿ ತೂಗುತ್ತದೆ ಅಂತ ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಮಕ್ಕಳು ಬರೆಯದೆ ಬಿಡೋದು ಇದನ್ನೇ ನೋಡಿ: ಸಂಜೆ ಅಪ್ಪನ ಅಂಗಡಿಯಲ್ಲಿ ಕೂತು ಲೆಕ್ಕ ಬರೆಯೋದು, ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳೋದು. ಅದೂ ಲೆಕ್ಕಕ್ಕೆ ಬರುತ್ತದೆ, ಆ ಪಟ್ಟಿಯಲ್ಲಿ ಕುಟುಂಬದ ಜವಾಬ್ದಾರಿ ಅಂತಲೇ ಒಂದು ವಿಭಾಗ ಇದೆ. ಸಂಕೋಚ ಬಿಟ್ಟು ಬರೆಯಿರಿ. ನೆರವಿನ ಅರ್ಜಿಯನ್ನು ಮಾತ್ರ ಸೀಟು ಸಿಕ್ಕಮೇಲೆ ನೋಡೋಣ ಅಂತ ಮುಂದೂಡಬೇಡಿ, ಜೊತೆಗೇ ಹಾಕಿ.