ಓದುಗರ ಪ್ರಶ್ನೆ: ಪಾಠ ಬೆಂಗಳೂರಿನಲ್ಲಿ, ಪದವಿ ಸೆರಾಂಪುರದಿಂದ

ಪ್ರಶ್ನೆ: ನಾವು ತುಮಕೂರಿನವರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದವರು. ನನ್ನ ಮಗಳು ಬಿ.ಕಾಂ. ಮುಗಿಸಿ ಒಂದು ವರ್ಷದಿಂದ ಆಡಿಟರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಈಗ ಅದನ್ನು ಬಿಟ್ಟು ದೇವಶಾಸ್ತ್ರ ಓದಬೇಕೆಂದು ಹಟ ಹಿಡಿದಿದ್ದಾಳೆ. ಬೆಂಗಳೂರಿನ ಕಾಲೇಜಿನ ವಿವರಗಳನ್ನು ನೋಡಿದರೆ, ಪದವಿ ಕೊಡುವವರು ಬಂಗಾಳದ ಸೆರಾಂಪುರದವರು ಎಂದಿದೆ. ಪಾಠ ಇಲ್ಲಿ, ಪದವಿ ಅಲ್ಲಿ ಎಂದರೆ ಏನರ್ಥ? ನಮ್ಮ ಭಾವನವರು, ಅದೆಲ್ಲ ಬೇಡ, ಒಂದೇ ವರ್ಷದಲ್ಲಿ ಪದವಿ ಕೊಡುವ ಕಡೆ ಸೇರಿಸಿ ಎನ್ನುತ್ತಾರೆ. ಓದು ಮುಗಿದ ಮೇಲೆ ಅವಳಿಗೆ ಸಭಾಪಾಲಕಿಯ ಕೆಲಸ ಖಂಡಿತವಾಗಿ ಸಿಗುತ್ತದೆಯೇ?
— ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಗೊಂದಲ ಸಹಜವಾದದ್ದೇ. ತುಮಕೂರಿನಲ್ಲೇ ಪದವಿ ಕಾಲೇಜಿಗೆ ಹೋಗಿ ತುಮಕೂರು ವಿಶ್ವವಿದ್ಯಾನಿಲಯದ ಪದವಿ ಪಡೆಯುವವರನ್ನು ನೀವು ದಿನವೂ ನೋಡುತ್ತೀರಿ. ಅಲ್ಲಿ ಪಾಠ ಮಾಡುವುದು ಕಾಲೇಜು, ಪಠ್ಯಕ್ರಮ ಮತ್ತು ಪದವಿ ವಿಶ್ವವಿದ್ಯಾನಿಲಯದ್ದು. ಇಲ್ಲಿಯೂ ಏರ್ಪಾಡು ಅದೇ. ಆದರೆ ವಿಶ್ವವಿದ್ಯಾನಿಲಯದ ಸ್ಥಾನದಲ್ಲಿರುವ ಸೆರಾಂಪುರ ಕಾಲೇಜಿನ ಸೆನೆಟ್ ಸುಮಾರು ಸಾವಿರ ಮೈಲಿ ಆಚೆ ಹೂಗ್ಲಿ ನದಿಯ ದಂಡೆಯಲ್ಲಿದೆ, ಅದಕ್ಕೆ ಸಂಯೋಜಿತವಾದ ಕಾಲೇಜುಗಳು ದೇಶದುದ್ದಕ್ಕೂ ಹರಡಿವೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಮತ್ತು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇವುಗಳಲ್ಲಿ ಹೆಸರಾದವು. ಒಂದೇ ಪಠ್ಯಕ್ರಮವನ್ನು ಇಲ್ಲಿಯ ವಿದ್ಯಾರ್ಥಿಯೂ ಓದುತ್ತಾನೆ, ಈಶಾನ್ಯ ರಾಜ್ಯದ ವಿದ್ಯಾರ್ಥಿಯೂ ಓದುತ್ತಾನೆ.

ಸೆರಾಂಪುರಕ್ಕೆ ಈ ಅಧಿಕಾರ ಎಲ್ಲಿಂದ ಬಂತೆಂಬುದನ್ನು ನಿಮ್ಮ ಭಾವನವರಿಗೆ ಹೇಳುವಷ್ಟಾದರೂ ತಿಳಿದುಕೊಳ್ಳುವುದು ಒಳ್ಳೆಯದು. ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಎಂಬ ಮೂವರು ಮಿಶನರಿಗಳು 1818ರಲ್ಲಿ ಆ ಕಾಲೇಜನ್ನು ಕಟ್ಟಿದಾಗ ಊರು ಇಂಗ್ಲಿಷರದ್ದಾಗಿರಲಿಲ್ಲ, ಡೆನ್ಮಾರ್ಕಿನವರ ವಸಾಹತಾಗಿತ್ತು. ಹಾಗಾಗಿ ಪದವಿ ಕೊಡುವ ಸನ್ನದು 1827ರಲ್ಲಿ ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕ್‌ನಿಂದ ಬಂತು. 1845ರಲ್ಲಿ ಊರು ಬ್ರಿಟಿಷರ ಕೈಗೆ ಮಾರಾಟವಾದಾಗಲೂ ಆ ಹಕ್ಕು ಉಳಿಯಿತು. 1918ರಲ್ಲಿ ಬಂಗಾಳದ ಶಾಸನಸಭೆ ಸೆರಾಂಪುರ ಕಾಲೇಜು ಕಾಯಿದೆಯನ್ನು ಮಾಡಿ ದೇವಶಾಸ್ತ್ರದ ಪದವಿಗಳ ಹೊಣೆಯನ್ನು ಸೆನೆಟ್ಟಿಗೆ ವಹಿಸಿತು. ಕನ್ನಡಿಗರಿಗೆ ಆ ಊರು ತೀರ ಪರಕೀಯವೂ ಅಲ್ಲ. ಇದೇ ಕೇರಿ ಬರೆದ ಕನ್ನಡ ವ್ಯಾಕರಣ ಅಚ್ಚಾದದ್ದು ಸೆರಾಂಪುರದ ಮುದ್ರಣಾಲಯದಲ್ಲಿ, 1817ರಲ್ಲಿ, ಎಂದರೆ ಕಾಲೇಜಿಗಿಂತ ಒಂದು ವರ್ಷ ಮೊದಲು. ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನ ಸೆಮಿನರಿಯಲ್ಲಿ ಪ್ರಿನ್ಸಿಪಾಲರಾಗಿ, ಬೆಂಗಳೂರಿನಲ್ಲಿ ಪಾಠ ಮಾಡಿದ ಸ್ಟ್ಯಾನ್ಲಿ ಸಮರ್ಥ ಅವರು 1960ರ ದಶಕದಲ್ಲಿ ಸೆರಾಂಪುರ ಕಾಲೇಜಿನ ಮುಖ್ಯಸ್ಥರಾಗಿಯೂ ಇದ್ದರು.

ನಿಮ್ಮ ಊರಿಗೂ ಇದರಲ್ಲಿ ಪಾಲುಂಟು. ಕನ್ನಡ ನಾಡಿನ ಸಭೆಗಳಿಗೆ ಉಪದೇಶಿಗಳನ್ನೂ ಸಭಾಪಾಲಕರನ್ನೂ ತಯಾರು ಮಾಡುತ್ತಿದ್ದ ಯೂನಿಯನ್ ಕೆನರೀಸ್ ಸೆಮಿನರಿ ಇದ್ದದ್ದು ತುಮಕೂರಿನಲ್ಲೇ. ಅದೂ ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯೂ 1965ರಲ್ಲಿ ಕೂಡಿ ಇಂದಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ನಿಮ್ಮ ಸಭೆಯ ಹಿರಿಯರನ್ನು ಕೇಳಿದರೆ ಆ ಸೆಮಿನರಿಯ ನೆನಪಿರುವವರು ಒಬ್ಬಿಬ್ಬರಾದರೂ ಸಿಕ್ಕಾರು.

ಇನ್ನು ಮಗಳ ಓದಿನ ಮಾತು. ಅವಳು ಪದವೀಧರೆಯಾದ್ದರಿಂದ ಬಿ.ಡಿ., ಎಂದರೆ ಬ್ಯಾಚುಲರ್ ಆಫ್ ಡಿವಿನಿಟಿ, ನಾಲ್ಕು ವರ್ಷದ್ದು. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಕ್ರೈಸ್ತ ದೇವಶಾಸ್ತ್ರ, ಸಭೆಯ ಚರಿತ್ರೆ, ಇತರ ಧರ್ಮಗಳ ಅಧ್ಯಯನ, ಸಮಾಜದ ವಿಶ್ಲೇಷಣೆ, ಸ್ತ್ರೀ ಅಧ್ಯಯನ, ಸಭಾಪಾಲನೆ, ಜೊತೆಗೆ ಹೀಬ್ರೂ ಮತ್ತು ಗ್ರೀಕ್ ಭಾಷೆಗಳ ಪರಿಚಯ, ಇಷ್ಟೆಲ್ಲ ಅದರಲ್ಲಿದೆ. ಇಂಥದೊಂದು ಕಾಲೇಜಿನಲ್ಲಿ ಬಹಳ ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ: ಸತ್ಯವೇದ, ಎಂದರೆ ಬೈಬಲ್, ಬಾಯಿಪಾಠವಿದ್ದವರಿಗೇ ಮೊದಲ ವರ್ಷ ಹೆಚ್ಚು ಕಷ್ಟ. ಪಾವಗಡದ ಕಡೆಯ ಹುಡುಗನೊಬ್ಬ ಹೀಬ್ರೂ ಅಕ್ಷರಗಳನ್ನು ಬಲದಿಂದ ಎಡಕ್ಕೆ ಬರೆಯುವುದನ್ನು ಒಂದೇ ವಾರದಲ್ಲಿ ಕಲಿತ. ಆದರೆ ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಸೃಷ್ಟಿಯ ಕಥೆ ಎರಡು ಸಲ, ಎರಡು ಬಗೆಯಲ್ಲಿ ಬರುತ್ತದೆಂದು ತರಗತಿಯಲ್ಲಿ ಹೇಳಿದ ದಿನ ಅವನು ರಾತ್ರಿ ಊಟಕ್ಕೆ ಬರಲಿಲ್ಲ. ಸಂಡೇಸ್ಕೂಲಿನಲ್ಲಿ ಕೇಳಿದ್ದನ್ನು ಮತ್ತೆ ಬಿಡಿಸಿ ನೋಡುವ ಈ ಓದು ಯಾರನ್ನೂ ಒಂದು ವರ್ಷದಲ್ಲಿ ತಯಾರು ಮಾಡಲಾರದು. ಆದ್ದರಿಂದ ಒಂದೇ ವರ್ಷದ ಪದವಿಯ ಮಾತನ್ನು ನಾನು ಒಪ್ಪುವುದಿಲ್ಲ. ಅಂಥ ಕಡೆ ಹಣ ಕಟ್ಟುವ ಮೊದಲು, ಪದವಿ ಪತ್ರದ ಮೇಲೆ ಯಾರ ಮೊಹರು ಬೀಳುತ್ತದೆ, ಅದನ್ನು ನಿಮ್ಮ ಸಭಾಪ್ರಾಂತ (ಡಯಾಸಿಸ್) ಅಂಗೀಕರಿಸುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಹಾಗೆಯೇ, ಬಿ.ಡಿ. ಆದ ಮೇಲೆ ಬೇರೆ ವಿಶ್ವವಿದ್ಯಾನಿಲಯದಲ್ಲಿ ಓದುವ ಅಥವಾ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ, ಅದು ಅಲ್ಲಿ ನಡೆಯುತ್ತದೆಯೇ ಎಂದು ಆಯಾ ಕಚೇರಿಯನ್ನೇ ಕೇಳಬೇಕು. ಅವಳ ಕೈಯಲ್ಲಿ ಬಿ.ಕಾಂ. ಇರುವುದರಿಂದ ಆ ಚಿಂತೆ ಅಷ್ಟಾಗಿ ಇಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ, ಇಲ್ಲ. ಪದವಿ ಕೊಡುವುದು ಸೆನೆಟ್, ಅಭಿಷೇಕ, ಎಂದರೆ ಸಭಾಪಾಲಕರಾಗುವ ದೀಕ್ಷೆ, ಕೊಡುವುದು ಸಭೆ. ಒಂದರಿಂದ ಇನ್ನೊಂದು ತಾನಾಗಿ ಬರುವುದಿಲ್ಲ. ಸಿಎಸ್‌ಐನಲ್ಲಿ ಹೆಂಗಸರಿಗೆ ಅಭಿಷೇಕವಾಗುತ್ತದೆ, 2013ರಲ್ಲಿ ಇ. ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ಪರೂ ಆದರು. ಆದುದರಿಂದ ಬಾಗಿಲೇನೋ ತೆರೆದಿದೆ. ಆದರೆ ತುಮಕೂರು ಕರ್ನಾಟಕ ಸೆಂಟ್ರಲ್ ಡಯಾಸಿಸ್‌ಗೆ ಸೇರಿದ್ದು, ಅಭ್ಯರ್ಥಿಯನ್ನು ಆರಿಸಿಕೊಳ್ಳುವುದು ಅವರಿಗೆ ಬಿಟ್ಟ ವಿಷಯ. ಮಗಳು ಮೊದಲು ನಿಮ್ಮ ಸಭೆಯ ಅಯ್ಯನವರ (ಸಭಾಪಾಲಕರ) ಬಳಿ ಮಾತಾಡಲಿ, ಸಭೆಯ ಶಿಫಾರಸಿನ ಪತ್ರದೊಂದಿಗೆ ಕಾಲೇಜಿಗೆ ಹೋಗಲಿ. ಸಭೆ ಕಳಿಸಿದ ವಿದ್ಯಾರ್ಥಿಗೂ ತಾನಾಗಿ ಬಂದು ಸೇರಿದ ವಿದ್ಯಾರ್ಥಿಗೂ ಓದು ಒಂದೇ ಆದರೂ, ನಾಲ್ಕು ವರ್ಷದ ಕೊನೆಗೆ ಇಬ್ಬರ ದಾರಿ ಒಂದೇ ಆಗಿರುವುದಿಲ್ಲ. ಇದನ್ನು ಸೇರುವಾಗಲೇ ತಿಳಿಯದೆ, ಪದವಿ ಪತ್ರ ಹಿಡಿದು ವರ್ಷಗಟ್ಟಲೆ ಕಾದವರನ್ನು ನಾನು ಕಂಡಿದ್ದೇನೆ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಬೆಂಗಳೂರಿನಲ್ಲಿ ಪಾಠ ಇಂಗ್ಲಿಷಿನಲ್ಲಿ. ನಮ್ಮ ವಿದ್ಯಾರ್ಥಿನಿಯೊಬ್ಬಳು ಗುಬ್ಬಿಯ ಕಡೆಯ ಹಳ್ಳಿಯೊಂದರ ಸಭೆಯಲ್ಲಿ ಭಾನುವಾರದ ಪ್ರಸಂಗ ಮಾಡಿದಳು. ತರಗತಿಯ ಟಿಪ್ಪಣಿಯನ್ನೇ ಕನ್ನಡಕ್ಕೆ ತಂದುಕೊಂಡಿದ್ದಳು. ಆರಾಧನೆ ಮುಗಿದ ಮೇಲೆ ಅಜ್ಜಿಯೊಬ್ಬರು ಅವಳ ಕೈ ಹಿಡಿದು, “ನೀನು ಓದಿರೋದು ಗೊತ್ತಾಯ್ತು ಕಣವ್ವ, ಹೇಳಿದ್ದೇ ಗೊತ್ತಾಗ್ಲಿಲ್ಲ” ಎಂದರು. ಕನ್ನಡದಲ್ಲೇ ದೇವಶಾಸ್ತ್ರ ಕಲಿಸುವ ಪರಂಪರೆ ಮಂಗಳೂರಿನ ಕಾಲೇಜಿನದು. ಹಳ್ಳಿಯ ಸಭೆಗಳಲ್ಲಿ ಕೆಲಸ ಮಾಡುವ ಮನಸ್ಸಿದ್ದರೆ ಮಗಳು ಅದನ್ನೂ ಹೋಗಿ ನೋಡಿಬರಲಿ.

ಪ್ರಶ್ನೆ: ನಾನು ಕೋಲಾರದವನು, ಬ್ಯಾಂಕಿನಿಂದ ನಿವೃತ್ತ, ಮೆಥಡಿಸ್ಟ್ ಸಭೆಯ ಸದಸ್ಯ. ಹಾಸ್ಟೆಲಿನಲ್ಲಿದ್ದು ಓದುವ ವಯಸ್ಸಲ್ಲ. ಮನೆಯಲ್ಲೇ ಕ್ರಮವಾಗಿ ಓದುವ ದಾರಿ ಇದೆಯೇ?
— ಓದುಗರೊಬ್ಬರು, ಕೋಲಾರ

ಉತ್ತರ: ಇದೆ. ಸಭಾಪಾಲಕರಾಗದೆಯೂ ದೇವಶಾಸ್ತ್ರ ತಿಳಿಯಬಯಸುವ ನಿಮ್ಮಂಥ ಸಭಾಸದಸ್ಯರಿಗಾಗಿ ಸೆನೆಟ್ ತನ್ನ ವಿಸ್ತರಣಾ ಕೇಂದ್ರದ ಮೂಲಕ ಅಂಚೆಶಿಕ್ಷಣದ ರೀತಿಯಲ್ಲಿ ಕ್ರೈಸ್ತ ಅಧ್ಯಯನದ ಡಿಪ್ಲೊಮಾ ಮತ್ತು ಬಿ.ಸಿ.ಎಸ್. (ಬ್ಯಾಚುಲರ್ ಆಫ್ ಕ್ರಿಶ್ಚಿಯನ್ ಸ್ಟಡೀಸ್) ಪದವಿಯನ್ನು ನಡೆಸುತ್ತದೆ. ವೈದ್ಯರು, ಶಿಕ್ಷಕಿಯರು, ನಿವೃತ್ತರು ಇದನ್ನು ಓದುತ್ತಾರೆ. ಒಬ್ಬರೇ ಓದುವುದು ಬೇಸರದ ಕೆಲಸವಾದ್ದರಿಂದ ಸಭೆಯಲ್ಲಿ ಇನ್ನಿಬ್ಬರನ್ನು ಜೊತೆ ಮಾಡಿಕೊಂಡರೆ ಮುಗಿಸುವ ಸಂಭವ ಹೆಚ್ಚು. ಬಂಗಾರಪೇಟೆಯಲ್ಲಿ ಬೈಬಲ್ ಸೆಮಿನರಿಯೊಂದಿದೆಯಲ್ಲ, ಅಲ್ಲಿಯ ಗ್ರಂಥಾಲಯದಲ್ಲಿ ಕೂತು ಓದಲು ಅನುಮತಿ ಸಿಗುತ್ತದೆಯೇ ಎಂದು ವಿಚಾರಿಸಿ ನೋಡಿ.

ಪ್ರಶ್ನೆ: ನಾನು ಕ್ರೈಸ್ತನಲ್ಲ. ಧರ್ಮಗಳ ಚರಿತ್ರೆಯಲ್ಲಿ ಆಸಕ್ತಿ. ಈ ಕಾಲೇಜುಗಳಲ್ಲಿ ನನಗೆ ಪ್ರವೇಶ ಕೊಡುತ್ತಾರೆಯೇ?
— ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಉತ್ತರ: ಕ್ರೈಸ್ತರಲ್ಲದ ತರುಣರೂ ಬಂದು ಕಲಿಯಲಿ ಎಂಬ ಉದ್ದೇಶ ಸೆರಾಂಪುರ ಕಾಲೇಜು ಹುಟ್ಟುವಾಗಲೇ ಇತ್ತು. ಆದರೆ ಬಿ.ಡಿ. ಸಭಾಸೇವೆಗೆ ತಯಾರು ಮಾಡುವ ಪದವಿ, ಸಭೆಯ ಶಿಫಾರಸನ್ನು ಕೇಳುತ್ತಾರೆ. ನಿಮಗೆ ಅದು ಹೊಂದುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮದ ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ, ಮೊದಲು ಅಲ್ಲಿ ವಿಚಾರಿಸಿ. ಮಿಶನರಿಗಳ ಕಾಲದ ಹಳೆಯ ಕಾಗದಪತ್ರಗಳನ್ನು ನೋಡುವ ಆಸೆಯಿದ್ದರೆ, ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೆ ನಿಮ್ಮ ಅಧ್ಯಾಪಕರ ಪತ್ರ ತೆಗೆದುಕೊಂಡು ಹೋಗಿ.